ಅಕ್ಕನ ಮಗ ಕಳವಿನಲ್ಲಿ ಸಿಕ್ಕಿಬಿದ್ದಿದ್ದಾನೆ, ಮನೆಯೇ ಕಾರಣವೇ?

ಪ್ರಶ್ನೆ: ನಾನು ದಾವಣಗೆರೆಯವನು. ನನ್ನ ಅಕ್ಕನ ಮಗನಿಗೆ 15 ವರ್ಷ, ಒಂಬತ್ತನೆಯ ತರಗತಿಯಲ್ಲಿದ್ದಾನೆ. ಕಳೆದ ತಿಂಗಳು ತನಗಿಂತ ದೊಡ್ಡವರಾದ ಇಬ್ಬರ ಜೊತೆ ಸೇರಿ ತೋಟವೊಂದರ ಪಂಪ್‌ಸೆಟ್ ಕೇಬಲ್ ಕತ್ತರಿಸಿ, ಒಳಗಿನ ತಾಮ್ರವನ್ನು ಗುಜರಿಗೆ ಮಾರಲು ಹೋದಾಗ ಸಿಕ್ಕಿಬಿದ್ದ. ಬಾಲ ನ್ಯಾಯ ಮಂಡಳಿಯವರು ಜಾಮೀನಿನ ಮೇಲೆ ತಾಯಿಯ ವಶಕ್ಕೆ ಒಪ್ಪಿಸಿದ್ದಾರೆ. ಭಾವ ಲಾರಿ ಚಾಲಕರು. ತಿಂಗಳಲ್ಲಿ ಎಂಟು ಹತ್ತು ದಿನ ಮನೆಯಲ್ಲಿರುತ್ತಾರೆ, ಇದ್ದಾಗ ಕುಡಿತ, ಹೊಡೆತ. ಅಕ್ಕ ಖಾಸಗಿ ಹಾಸ್ಟೆಲೊಂದರಲ್ಲಿ ಅಡುಗೆ ಕೆಲಸಕ್ಕೆ ಬೆಳಗಿನ ಜಾವ ಹೋದರೆ ಬರುವುದು ರಾತ್ರಿ. ನೆಂಟರೆಲ್ಲ ‘ತಾಯಿ ಮುದ್ದು ಮಾಡಿ ಕೆಡಿಸಿದಳು’ ಎನ್ನುತ್ತಿದ್ದಾರೆ. ಭಾವನವರು ‘ದೂರದ ಹಾಸ್ಟೆಲ್‌ಗೆ ಹಾಕೋಣ, ಅದಕ್ಕೂ ಮೊದಲು ಪೊಲೀಸರಿಂದಲೇ ನಾಲ್ಕು ಹಾಕಿಸೋಣ’ ಎನ್ನುತ್ತಾರೆ. ಶಾಲೆಯಲ್ಲೂ ಅವನು ಹಿಂದೆ. ಕನ್ನಡ ಪಾಠವನ್ನೇ ತಡವರಿಸಿ ಓದುತ್ತಾನೆ. ಹುಡುಗ ಹೀಗಾಗಲು ಮನೆಯೇ ಕಾರಣವೇ? ಅವನನ್ನು ಎಲ್ಲಿಡಬೇಕು? ಅವನಿಗೆ 11 ವರ್ಷದ ತಂಗಿಯಿದ್ದಾಳೆ, ಅವಳ ಗತಿಯೇನು?

ಉತ್ತರ: ನಿಮ್ಮ ಪತ್ರದಲ್ಲಿದ್ದ ಹುಡುಗನ ಹೆಸರು, ಶಾಲೆ ಮತ್ತು ಬಡಾವಣೆಯನ್ನು ಇಲ್ಲಿ ಕೈಬಿಡಲಾಗಿದೆ. 2015ರ ಬಾಲ ನ್ಯಾಯ ಕಾಯ್ದೆಯ 74ನೇ ಕಲಂ ಪ್ರಕಾರ ಇಂತಹ ಪ್ರಕರಣದಲ್ಲಿ ಸಿಲುಕಿದ ಮಗುವಿನ ಗುರುತು ಸಿಗುವಂತೆ ಏನನ್ನೂ ಪ್ರಕಟಿಸುವಂತಿಲ್ಲ. ನಿಮ್ಮ ನೆಂಟರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹುಡುಗನ ಫೋಟೊ ಓಡಾಡುತ್ತಿದೆ ಎಂದು ಬರೆದಿದ್ದೀರಿ; ಅದನ್ನು ಹಂಚುತ್ತಿರುವವರಿಗೆ ಈ ಮಾತನ್ನು ಇಂದೇ ತಿಳಿಸಿ.

ಮೊದಲ ಪ್ರಶ್ನೆಗೆ ನೇರ ಉತ್ತರ ಕೊಟ್ಟು ಮುಂದೆ ಹೋಗುತ್ತೇನೆ. ಮನೆ ಕಾರಣಗಳಲ್ಲಿ ಒಂದು, ಬಹುಶಃ ಮೊದಲನೆಯದು. ಆದರೆ ನಿಮ್ಮ ನೆಂಟರು ಬೊಟ್ಟು ಮಾಡಿ ತೋರಿಸುವ ಜಾಗದಲ್ಲಿ ಆ ಕಾರಣ ಇಲ್ಲ. ತಾಯಿ ದುಡಿಯಲು ಹೋಗುವುದಾಗಲಿ, ತಂದೆ ತಿಂಗಳಲ್ಲಿ ಇಪ್ಪತ್ತು ದಿನ ಹೆದ್ದಾರಿಯಲ್ಲಿರುವುದಾಗಲಿ, ಕೈಯಲ್ಲಿ ಕಾಸಿಲ್ಲದಿರುವುದಾಗಲಿ ತಾವಾಗಿಯೇ ಒಬ್ಬ ಹುಡುಗನನ್ನು ಕಳವಿಗೆ ಇಳಿಸುವುದಿಲ್ಲ. ಹಾಗೆ ಇಳಿಸುವಂತಿದ್ದರೆ ಮಂಡಕ್ಕಿ ಭಟ್ಟಿಗಳಲ್ಲಿ, ಎಪಿಎಂಸಿ ಹಮಾಲಿಯಲ್ಲಿ, ಬೇರೆಯವರ ಮನೆಗೆಲಸದಲ್ಲಿ ದಿನವಿಡೀ ದುಡಿಯುವ ಈ ಊರಿನ ಸಾವಿರಾರು ಕುಟುಂಬಗಳ ಮಕ್ಕಳೆಲ್ಲ ಮಂಡಳಿಯ ಮುಂದೆ ನಿಲ್ಲಬೇಕಾಗಿತ್ತು. ಅವರಲ್ಲಿ ಬಹುಪಾಲು ಮಕ್ಕಳು ಪೊಲೀಸ್ ಠಾಣೆಯ ಮೆಟ್ಟಿಲನ್ನೂ ಕಂಡಿರುವುದಿಲ್ಲ.

ದೇಶದ ಅಂಕಿಅಂಶಗಳೂ ಇದೇ ಕಡೆಗೆ ತೋರಿಸುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ಆ ವರ್ಷ ದೇಶದಾದ್ಯಂತ 18 ವರ್ಷದೊಳಗಿನವರ ಮೇಲೆ 30,555 ಪ್ರಕರಣಗಳು ದಾಖಲಾದವು. ವಶಕ್ಕೆ ಪಡೆದವರಲ್ಲಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿ 16ರಿಂದ 18ರ ವಯಸ್ಸಿನವರು, ಮತ್ತು ವರ್ಷದಿಂದ ವರ್ಷಕ್ಕೆ ಬದಲಾಗದೆ ಉಳಿದಿರುವ ಸಂಗತಿಯೆಂದರೆ ಇಂತಹ ಮಕ್ಕಳಲ್ಲಿ ಬಹುಪಾಲು ತಂದೆ ತಾಯಿಯ ಜೊತೆಯಲ್ಲೇ ವಾಸಿಸುತ್ತಿದ್ದವರು. ದಿಕ್ಕಿಲ್ಲದ, ಮನೆಯಿಲ್ಲದ ಮಕ್ಕಳು ಮಾತ್ರ ಅಡ್ಡದಾರಿ ಹಿಡಿಯುತ್ತಾರೆ ಎಂಬ ಕಲ್ಪನೆ ನಮಗೆ ಸಮಾಧಾನ ಕೊಡಬಹುದು, ಆದರೆ ಅದಕ್ಕೆ ಆಧಾರವಿಲ್ಲ.

ಹಾಗಾದರೆ ಒಂದೇ ಬೀದಿಯಲ್ಲಿ, ಒಂದೇ ಬಗೆಯ ಬಡತನದಲ್ಲಿ ಬೆಳೆದ ಇಬ್ಬರು ಹುಡುಗರಲ್ಲಿ ಒಬ್ಬ ಮಾತ್ರ ಏಕೆ ದಾರಿ ತಪ್ಪುತ್ತಾನೆ? ಅಮೆರಿಕದ ಬಾಸ್ಟನ್ ನಗರದಲ್ಲಿ ಶೆಲ್ಡನ್ ಮತ್ತು ಎಲೀನರ್ ಗ್ಲೂಕ್ ದಂಪತಿ ಇದೇ ಪ್ರಶ್ನೆಯನ್ನಿಟ್ಟುಕೊಂಡು, ಅಪರಾಧಕ್ಕೆ ಸಿಲುಕಿದ 500 ಹುಡುಗರನ್ನೂ, ಅದೇ ವಯಸ್ಸಿನ, ಅದೇ ಬುದ್ಧಿಮಟ್ಟದ, ಅಂತಹುದೇ ಬಡ ಬಡಾವಣೆಗಳ, ಆದರೆ ಅಪರಾಧಕ್ಕೆ ಹೋಗದ ಇನ್ನು 500 ಹುಡುಗರನ್ನೂ ಹೋಲಿಸಿ 1950ರಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಗುಂಪುಗಳನ್ನು ಬೇರ್ಪಡಿಸಿದ್ದರಲ್ಲಿ ಮುಖ್ಯವಾದವು ಮನೆಯೊಳಗಿನ ಸಂಗತಿಗಳೇ: ಹುಡುಗನ ಮೇಲೆ ಯಾರಾದರೂ ಕಣ್ಣಿಟ್ಟಿದ್ದರೇ, ಶಿಸ್ತು ಒಂದೇ ಹದದಲ್ಲಿತ್ತೇ ಅಥವಾ ಇಂದು ಒಂದು, ನಾಳೆ ಇನ್ನೊಂದು ಎಂಬಂತಿತ್ತೇ, ತಂದೆ ತಾಯಿಗೂ ಮಗನಿಗೂ ನಡುವೆ ಪ್ರೀತಿಯ ನಂಟಿತ್ತೇ, ಮನೆಯವರು ಒಟ್ಟಾಗಿದ್ದರೇ. ಜೋನ್ ಮೆಕಾರ್ಡ್ ಎಂಬ ವಿದ್ವಾಂಸೆ ಹುಡುಗರ ಇನ್ನೊಂದು ಗುಂಪನ್ನು ದಶಕಗಳ ಕಾಲ ಹಿಂಬಾಲಿಸಿ ಕಂಡದ್ದು ನಿಮ್ಮ ಅಕ್ಕನಿಗೆ ಓದಿ ಹೇಳಬೇಕಾದ ಮಾತು. ತಂದೆಯಿಲ್ಲದಿದ್ದರೂ ತಾಯಿಯ ಅಕ್ಕರೆಯಿದ್ದ ಮನೆಗಳ ಹುಡುಗರಿಗಿಂತ, ತಂದೆ ತಾಯಿ ಇಬ್ಬರೂ ಇದ್ದು ಸದಾ ಜಗಳ ನಡೆಯುತ್ತಿದ್ದ ಮನೆಗಳ ಹುಡುಗರೇ ಹೆಚ್ಚಾಗಿ ಅಪರಾಧಕ್ಕೆ ಹೋಗಿದ್ದರು.

‘ಮುದ್ದು ಮಾಡಿ ಕೆಡಿಸಿದಳು’ ಎಂಬ ದೂರಿನಲ್ಲಿ ಎರಡು ಬೇರೆ ಸಂಗತಿಗಳು ಕಲಸಿಹೋಗಿವೆ. ಅಕ್ಕರೆ ಒಂದು, ಮಣಿಯುವುದು ಇನ್ನೊಂದು. ಅಕ್ಕರೆಯಿಂದ ಯಾವ ಮಗುವೂ ಕೆಟ್ಟದ್ದಿಲ್ಲ. ಮಣಿಯುವುದು ಹೇಗೆ ನಡೆಯುತ್ತದೆ ಎಂಬುದನ್ನು ಅಮೆರಿಕದ ಆರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್ಸನ್ ಮತ್ತು ಅವರ ಸಂಗಡಿಗರು ಮನೆಗಳ ಒಳಗೇ ಕುಳಿತು, ತಾಯಿ ಮಕ್ಕಳ ನಡುವಿನ ಮಾತುಕತೆಯನ್ನು ಕ್ಷಣಕ್ಷಣವೂ ಗುರುತಿಸಿಕೊಂಡು ಅಭ್ಯಾಸ ಮಾಡಿದರು. ಅವರು ಕಂಡ ಸರಣಿ ನಿಮ್ಮ ಅಕ್ಕನ ಮನೆಯಲ್ಲಿ ಹೀಗಿರಬಹುದು. ರಾತ್ರಿ ಒಂಬತ್ತಕ್ಕೆ ದಣಿದು ಬಂದ ತಾಯಿ ‘ಮೊಬೈಲ್ ಇಟ್ಟು ಪುಸ್ತಕ ತೆಗಿ’ ಎನ್ನುತ್ತಾಳೆ, ಮಗ ಕೇಳದವನಂತಿರುತ್ತಾನೆ, ಅವಳು ದನಿ ಏರಿಸುತ್ತಾಳೆ, ಅವನು ಅದಕ್ಕಿಂತ ಜೋರಾಗಿ ಕಿರುಚಿ, ತಟ್ಟೆ ತಳ್ಳಿ, ಹೊರಗೆ ಹೊರಡುವ ಬೆದರಿಕೆ ಹಾಕುತ್ತಾನೆ, ಅಕ್ಕಪಕ್ಕದವರಿಗೆ ಕೇಳೀತೆಂಬ ಅಂಜಿಕೆಯಿಂದಲೂ ಬೆಳಗಿನ ಜಾವ ಏಳಬೇಕೆಂಬ ಚಿಂತೆಯಿಂದಲೂ ಅವಳು ಸುಮ್ಮನಾಗುತ್ತಾಳೆ. ಆ ಕ್ಷಣದಲ್ಲಿ ಮನೆ ಶಾಂತವಾಯಿತು, ಸರಿ. ಆದರೆ ಕಿರುಚಿದರೆ ಎದುರಿನವರು ಹಿಂದೆ ಸರಿಯುತ್ತಾರೆ ಎಂದು ಮಗ ಕಲಿತ. ಸುಮ್ಮನಾದರೆ ಜಗಳ ನಿಲ್ಲುತ್ತದೆ ಎಂದು ತಾಯಿ ಕಲಿತಳು. ಇಬ್ಬರೂ ಒಬ್ಬರಿಗೊಬ್ಬರು ಪಾಠ ಹೇಳಿಕೊಡುವ ಈ ಕ್ರಮ ವಾರಕ್ಕೆ ಹಲವು ಬಾರಿ, ವರ್ಷಗಟ್ಟಲೆ ನಡೆದರೆ, ಹುಡುಗನಿಗೆ ಬೇರೆಯವರೊಡನೆ ವ್ಯವಹರಿಸಲು ಗೊತ್ತಿರುವ ದಾರಿ ಅದೊಂದೇ ಆಗಿಬಿಡುತ್ತದೆ. ಆ ದಾರಿ ತರಗತಿಯಲ್ಲಿ ನಡೆಯುವುದಿಲ್ಲ. ಮೇಷ್ಟರು ಹೊರಗೆ ನಿಲ್ಲಿಸುತ್ತಾರೆ, ಚೆನ್ನಾಗಿ ಓದುವ ಹುಡುಗರು ದೂರ ಸರಿಯುತ್ತಾರೆ, ಕೊನೆಗೆ ಅವನನ್ನು ಸೇರಿಸಿಕೊಳ್ಳಲು ಉಳಿಯುವವರು ತನ್ನಂತೆಯೇ ಹೊರಗೆ ಉಳಿದವರು ಮಾತ್ರ.

ಇನ್ನು ನಿಮ್ಮ ಭಾವನವರ ಹೊಡೆತ. ಹತ್ತು ಹನ್ನೆರಡು ದಿನಗಳ ದೂರುಗಳೆಲ್ಲ ಕೂಡಿಟ್ಟಿರುವಾಗ ಮನೆಗೆ ಬಂದು, ಕುಡಿದ ಹೊತ್ತಿನಲ್ಲಿ, ಎಂದೋ ನಡೆದ ತಪ್ಪಿಗೆ ಬೆಲ್ಟು ಬಿಚ್ಚುವುದರಿಂದ ಹುಡುಗ ಕಲಿಯುವುದು ತಪ್ಪಿಗೂ ಶಿಕ್ಷೆಗೂ ಸಂಬಂಧವಿಲ್ಲವೆಂಬುದನ್ನು. ಶಿಕ್ಷೆ ಬರುವುದು ತನ್ನ ನಡತೆಯಿಂದಲ್ಲ, ಅಪ್ಪನ ಲಾರಿ ಊರಿಗೆ ಬರುವುದರಿಂದ ಎಂದು ಅವನ ಅನುಭವ ಹೇಳುತ್ತದೆ. ಹೊಡೆತ ತಿಂದು ಬೆಳೆದ ಮಕ್ಕಳಲ್ಲಿ ಸಿಟ್ಟು, ಸುಳ್ಳು, ಕಾನೂನು ಮೀರುವ ನಡತೆ ಕಡಿಮೆಯಾಗುವ ಬದಲು ಹೆಚ್ಚಾಗಿರುವುದನ್ನು ಹತ್ತಾರು ದೇಶಗಳ ಅಧ್ಯಯನಗಳು ಒಂದೇ ದನಿಯಲ್ಲಿ ಹೇಳಿವೆ. ‘ನಾವೂ ಹೊಡೆಸಿಕೊಂಡೇ ಬೆಳೆದವರು, ಕೆಟ್ಟೆವೇ?’ ಎಂಬ ಮಾತು ನಮ್ಮಲ್ಲಿ ಬಲು ಜನಪ್ರಿಯ. ಹಾಗೆ ಕೇಳುವವರು ಹೊಡೆತದ ಜೊತೆಗೆ ತಮಗೆ ಸಿಕ್ಕಿದ್ದ ಅಜ್ಜಿ, ಚಿಕ್ಕಪ್ಪ, ನೆರೆಹೊರೆಗಳನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ. ನಿಮ್ಮ ಅಕ್ಕನ ಮನೆಯ ಸಮಸ್ಯೆ ಒಂದು ಮಾತಿನಲ್ಲಿ ಇದು: ಇಪ್ಪತ್ತು ದಿನ ಯಾವ ಗೆರೆಯೂ ಇಲ್ಲ, ಹತ್ತು ದಿನ ಬರೀ ಏಟು.

ಅಕ್ಕ ಮನೆಯಲ್ಲಿರುವುದಿಲ್ಲ, ಆದ್ದರಿಂದ ಕೆಲಸ ಬಿಡಬೇಕೇ ಎಂಬ ಪ್ರಶ್ನೆ ನಿಮ್ಮ ಪತ್ರದ ಹಿಂದೆ ಇದೆ. ಬೇಡ. ಮಗನ ಮೇಲೆ ಕಣ್ಣಿಡುವುದೆಂದರೆ ಎದುರಿಗೆ ಕುಳಿತು ಕಾವಲು ಕಾಯುವುದಲ್ಲ. ಸ್ವೀಡನ್ನಿನಲ್ಲಿ ಹೋಕನ್ ಸ್ಟಾಟಿನ್ ಮತ್ತು ಮಾರ್ಗರೆಟ್ ಕೆರ್ 14 ವರ್ಷದ ಮಕ್ಕಳನ್ನು ಕುರಿತು ನಡೆಸಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಿಂದ ತಿಳಿದುಬಂದ ಸಂಗತಿ ಎಷ್ಟೋ ತಂದೆ ತಾಯಿಯರನ್ನು ಅಚ್ಚರಿಗೊಳಿಸುತ್ತದೆ: ಮಕ್ಕಳ ಹೊರಗಿನ ಬದುಕಿನ ಬಗ್ಗೆ ಹಿರಿಯರಿಗೆ ಗೊತ್ತಿರುವುದರಲ್ಲಿ ಹೆಚ್ಚಿನ ಭಾಗ ಪತ್ತೇದಾರಿಕೆಯಿಂದಾಗಲಿ, ಅಡ್ಡಿಪಡಿಸುವುದರಿಂದಾಗಲಿ ಬಂದದ್ದಲ್ಲ, ಮಕ್ಕಳು ತಾವಾಗಿ ಹೇಳಿಕೊಂಡಿದ್ದು. ಹೇಳಿದರೆ ಏಟು ಬೀಳುವ ಮನೆಯಲ್ಲಿ ಯಾವ ಹುಡುಗನೂ ಏನನ್ನೂ ಹೇಳುವುದಿಲ್ಲ. ಆದ್ದರಿಂದ ಮೊಬೈಲ್ ಕಸಿದು ಅದರ ಒಳಗೆಲ್ಲ ಹುಡುಕುವುದಕ್ಕಿಂತ, ಶಾಲೆ ಬಿಟ್ಟ ನಾಲ್ಕೂವರೆಯಿಂದ ಅಮ್ಮ ಬರುವವರೆಗಿನ ಹೊತ್ತಿನಲ್ಲಿ ಅವನು ಎಲ್ಲಿರಬೇಕೆಂಬುದನ್ನು ಅವನೊಡನೆಯೇ ಕುಳಿತು ಗೊತ್ತುಮಾಡಿ, ಆ ಹೊತ್ತಿಗೆ ಅವನನ್ನು ವಿಚಾರಿಸಿಕೊಳ್ಳುವ ಒಬ್ಬ ಹಿರಿಯರನ್ನು ನೇಮಿಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಹತ್ತಿ ಗಿರಣಿಗಳು ನಡೆಯುತ್ತಿದ್ದ ಕಾಲದ ದಾವಣಗೆರೆಯಲ್ಲಿ ಪಾಳಿ ಮುಗಿಸಿದ ಗಂಡಸರು ಅದೇ ಗಲ್ಲಿಗೆ ಮರಳುತ್ತಿದ್ದರು, ಯಾರ ಮಗ ಎಲ್ಲಿ ಓಡಾಡಿದರೂ ಯಾರಾದರೊಬ್ಬರು ಗದರುತ್ತಿದ್ದರು ಎಂದು ಹಳಬರು ನೆನೆಯುತ್ತಾರೆ. ಆ ಮಾತಿನಲ್ಲಿ ಕಳೆದ ಕಾಲದ ಮೋಹ ಒಂದಿಷ್ಟು ಇದ್ದರೂ ತಿರುಳೂ ಇದೆ. ನಿಮ್ಮ ಪ್ರಕರಣದಲ್ಲಿ ಆ ಹಿರಿಯರು ನೀವೇ ಆಗಬಹುದು. ನಮ್ಮ ಕಡೆ ಸೋದರಮಾವನಿಗೆ ಅಕ್ಕನ ಮಕ್ಕಳ ಮೇಲೆ ಸಲಿಗೆಯೂ ಇದೆ, ಅಧಿಕಾರವೂ ಇದೆ. ಅಪ್ಪನಿಗೆ ಹೇಳಲಾಗದ್ದನ್ನು ಮಾವನಿಗೆ ಹೇಳಿಕೊಳ್ಳುವ ಹುಡುಗರು ಬಹಳ.

ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿದ ಓದಿನ ಮಾತನ್ನು ನಾನು ಅಷ್ಟು ಬೇಗ ಬಿಡಲಾರೆ. ಒಂಬತ್ತನೆಯ ತರಗತಿಯ ಹುಡುಗ ಕನ್ನಡವನ್ನೇ ತಡವರಿಸಿ ಓದುತ್ತಾನೆಂದರೆ, ವಿಜ್ಞಾನ, ಗಣಿತ, ಸಮಾಜಗಳ ಪುಸ್ತಕಗಳು ಅವನ ಪಾಲಿಗೆ ಮುಚ್ಚಿಹೋಗಿ ಎಷ್ಟೋ ವರ್ಷಗಳಾಗಿವೆ ಎಂದರ್ಥ. ದಿನಕ್ಕೆ ಆರು ತಾಸು ತನಗೆ ತಿಳಿಯದ ಮಾತುಗಳ ನಡುವೆ ಕುಳಿತು, ನಡುನಡುವೆ ದಡ್ಡನೆನಿಸಿಕೊಳ್ಳುವ ಹುಡುಗನಿಗೆ ಶಾಲೆ ತಪ್ಪಿಸಲು ಬೇರೆ ಕಾರಣ ಬೇಕಾಗುವುದಿಲ್ಲ. ಕಡಿಮೆ ಕಲಿಕೆ, ದುಡುಕುವ ಸ್ವಭಾವ, ಮೇಲ್ವಿಚಾರಣೆಯ ಕೊರತೆ, ಬಡತನ, ಮನೆಯಲ್ಲಿ ಮೊದಲೇ ಅಪರಾಧಕ್ಕೆ ಸಿಲುಕಿದವರಿರುವುದು, ಇವೆಲ್ಲ ಎಂಟು ಹತ್ತು ವರ್ಷದ ವಯಸ್ಸಿನಲ್ಲೇ ಕಾಣಿಸುವ ಮುನ್ಸೂಚನೆಗಳೆಂದು ದಕ್ಷಿಣ ಲಂಡನ್ನಿನ 411 ಹುಡುಗರನ್ನು 1961ರಿಂದ ಹಿಂಬಾಲಿಸಿದ ಡೊನಾಲ್ಡ್ ವೆಸ್ಟ್ ಮತ್ತು ಡೇವಿಡ್ ಫ್ಯಾರಿಂಗ್ಟನ್ ಅವರ ಅಧ್ಯಯನ ಹೇಳುತ್ತದೆ. ಮೊದಲು ಹುಡುಗನ ಕಣ್ಣು ಮತ್ತು ಕಿವಿಯ ಪರೀಕ್ಷೆ ಮಾಡಿಸಿ. ಕರಿಹಲಗೆಯ ಅಕ್ಷರ ಕಾಣದ ಹುಡುಗರನ್ನು ಸೋಮಾರಿಗಳೆಂದು ಕರೆದದ್ದು ಉಂಟು. ಅವೆರಡೂ ಸರಿಯಿದ್ದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗದಲ್ಲಿ ಕಲಿಕಾ ನ್ಯೂನತೆ ಮತ್ತು ಗಮನದ ತೊಂದರೆ ಇದೆಯೇ ಎಂದು ನೋಡಿಸಿ. ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಒಪ್ಪಿಕೊಂಡಿದೆ, ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂತಹ ಅನುಕೂಲಗಳಿವೆ. ಎರಡೂ ಇಲ್ಲವೆಂದಾದರೆ, ಮೂರನೆಯ ತರಗತಿಯ ಪುಸ್ತಕದಿಂದ ಓದು ಕಲಿಸಬೇಕು. ಇದನ್ನು ಬೇರೆ ಹುಡುಗರ ಎದುರು ಮಾಡಬಾರದು. ಈ ನಡುವೆ ಶಾಲೆಯವರು ‘ಟಿಸಿ ತೆಗೆದುಕೊಂಡು ಹೋಗಿ’ ಎಂದು ಸೂಚಿಸಿದರೆ ಒಪ್ಪಿಕೊಳ್ಳಬೇಡಿ. ಶಾಲೆ ಕೈಬಿಟ್ಟ ಮರುದಿನದಿಂದ ಅವನ ಇಡೀ ಹಗಲು ಆ ದೊಡ್ಡ ಹುಡುಗರದಾಗುತ್ತದೆ.

ಆ ಇಬ್ಬರು 19, 20ರ ವಯಸ್ಸಿನವರು ಎಂದಿದ್ದೀರಿ. ಹುಡುಗರು ಒಬ್ಬೊಬ್ಬರೇ ಕಳವಿಗೆ ಹೋಗುವುದು ಅಪರೂಪ. ಈ ವಯಸ್ಸಿನ ಅಪರಾಧ ಬಹುಮಟ್ಟಿಗೆ ಗುಂಪಿನ ಕೆಲಸ. ಮನೆಯಲ್ಲೂ ಶಾಲೆಯಲ್ಲೂ ಬೆಲೆಯಿಲ್ಲದವನಿಗೆ ಬೈಕಿನ ಹಿಂದೆ ಕೂರಿಸಿಕೊಂಡು, ಎಗ್ ರೈಸ್ ಕೊಡಿಸಿ, ‘ನೀನು ಧೈರ್ಯಸ್ಥ ಕಣೋ’ ಎಂದವರೇ ಬಂಧುಗಳಾಗುತ್ತಾರೆ. ಸಣ್ಣವರಿಗೆ ಶಿಕ್ಷೆ ಕಡಿಮೆ ಎಂಬ ಲೆಕ್ಕಾಚಾರದಿಂದಲೇ ಕೆಲವರು ಅವರನ್ನು ಮುಂದೆ ಬಿಡುವುದೂ ಉಂಟು. ಹೀಗೆ ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕರಿಗೆ ಇದೇ ಕಾಯ್ದೆಯ 83ನೇ ಕಲಂ 7 ವರ್ಷದವರೆಗೆ ಕಠಿಣ ಸೆರೆವಾಸವನ್ನೂ 5 ಲಕ್ಷ ರೂಪಾಯಿ ದಂಡವನ್ನೂ ವಿಧಿಸುತ್ತದೆ. ತಾಮ್ರವನ್ನು ಯಾರು ಕೇಳಿದ್ದರು, ಗುಜರಿಯವರು ಹಿಂದೆಯೂ ಅವನಿಂದ ಕೊಂಡಿದ್ದರೇ, ಹಣ ಯಾರ ಕೈಗೆ ಹೋಯಿತು ಎಂಬುದನ್ನು ಹುಡುಗ ಹೆದರದೆ ಮಂಡಳಿಯ ಮುಂದೆ ಹೇಳುವಂತೆ ಮಾಡಿ. ಆ ದೊಡ್ಡವರ ವಿಚಾರಣೆ ಬೇರೆ ನ್ಯಾಯಾಲಯದಲ್ಲಿ ನಡೆಯುತ್ತದೆ. ಮಗುವನ್ನು ವಯಸ್ಕರ ಜೊತೆ ಸೇರಿಸಿ ವಿಚಾರಣೆ ಮಾಡುವಂತಿಲ್ಲ.

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಎಂದು ನಿಮ್ಮ ಮನೆಯಲ್ಲೂ ಯಾರಾದರೂ ಹೇಳಿಯೇ ಇರುತ್ತಾರೆ. ಈ ವಿಷಯದಲ್ಲಿ ಸಾಕ್ಷ್ಯ ಗಾದೆಯ ಪರವಾಗಿಲ್ಲ. ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ 1972-73ರಲ್ಲಿ ಹುಟ್ಟಿದ ಸುಮಾರು ಒಂದು ಸಾವಿರ ಮಕ್ಕಳ ಬದುಕನ್ನು ಅಭ್ಯಾಸ ಮಾಡಿದ ಟೆರಿ ಮಾಫಿಟ್ 1993ರಲ್ಲಿ ಎರಡು ಬಗೆಯ ಹುಡುಗರನ್ನು ಬೇರ್ಪಡಿಸಿ ತೋರಿಸಿದರು. ಒಂದು ಸಣ್ಣ ಗುಂಪಿನಲ್ಲಿ ಕಚ್ಚುವುದು, ಹೊಡೆಯುವುದು, ಸುಳ್ಳು ಹೇಳುವುದು ಎಳವೆಯಲ್ಲೇ ಶುರುವಾಗಿ ದೊಡ್ಡವರಾದ ಮೇಲೂ ಮುಂದುವರಿಯುತ್ತದೆ. ಲಂಡನ್ನಿನ ಅಧ್ಯಯನದಲ್ಲೂ ಅರ್ಧಕ್ಕಿಂತ ಹೆಚ್ಚು ಅಪರಾಧಗಳು ಶೇ 7ರಷ್ಟು ಮಂದಿಯವೇ ಆಗಿದ್ದವು. ಇನ್ನೊಂದು, ಬಲು ದೊಡ್ಡ ಗುಂಪಿನವರು ಹದಿಹರೆಯದಲ್ಲಿ ಮಾತ್ರ ತಪ್ಪು ಮಾಡಿ, ಕೆಲಸ, ಸಂಸಾರ ಎಂದು ಜವಾಬ್ದಾರಿ ಬಂದಾಗ ಬಿಟ್ಟುಬಿಡುತ್ತಾರೆ. ನಿಮ್ಮ ಹುಡುಗ 13 ತುಂಬುವವರೆಗೆ ಯಾವ ತಂಟೆಯನ್ನೂ ಮಾಡಿರಲಿಲ್ಲ ಎಂದು ಬರೆದಿದ್ದೀರಿ. ಅದು ಒಳ್ಳೆಯ ಸೂಚನೆ. ಎರಡನೆಯ ಗುಂಪಿನ ಹುಡುಗನನ್ನು ಮೊದಲನೆಯ ಗುಂಪಿಗೆ ತಳ್ಳುವ ಸಂಗತಿಗಳು ಕೆಲವೇ: ಶಾಲೆ ಬಿಡುವುದು, ಮಾದಕ ವಸ್ತುವಿನ ಚಟ, ಮತ್ತು ‘ಕಳ್ಳ’ ಎಂಬ ಹೆಸರು ಮನೆಯವರ ಬಾಯಲ್ಲೇ ನೆಲೆಯಾಗುವುದು. ವೈಟ್‌ನರ್, ಪಂಕ್ಚರ್ ಹಾಕುವ ಸಲ್ಯೂಷನ್ ಇಂತಹವನ್ನು ಮೂಸುವ ಅಭ್ಯಾಸ ಅವನಿಗೆ ಅಂಟಿದೆಯೇ ಎಂದು ಮಾತ್ರ ತಪ್ಪದೆ ವಿಚಾರಿಸಿ.

ಇನ್ನು ಪ್ರಕರಣದ ವಿಷಯ. ಭಾವನವರು ಹೇಳಿದಂತೆ ಪೊಲೀಸರಿಂದ ಹೊಡೆಸುವುದು ಕಾನೂನಿನ ಪ್ರಕಾರ ಅಪರಾಧ. ಮಗುವನ್ನು ಠಾಣೆಯ ಲಾಕಪ್ಪಿನಲ್ಲೂ ಜೈಲಿನಲ್ಲೂ ಇಡುವಂತೆಯೇ ಇಲ್ಲ. ಹೆದರಿಸಿದರೆ ಬುದ್ಧಿ ಬರುತ್ತದೆ ಎಂಬ ನಂಬಿಕೆಯನ್ನು ಅಮೆರಿಕದವರು 1970ರ ದಶಕದಿಂದ ಪ್ರಯೋಗ ಮಾಡಿಯೇ ನೋಡಿದ್ದಾರೆ. ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಗದರಿಸಿದ ಆ ಕಾರ್ಯಕ್ರಮಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ, ಹೋಗದಿದ್ದವರಿಗಿಂತ ಹೋಗಿಬಂದ ಹುಡುಗರೇ ಮುಂದೆ ಹೆಚ್ಚು ಅಪರಾಧ ಮಾಡಿದ್ದು ಕಂಡುಬಂತು. ಬಾಲ ನ್ಯಾಯ ಮಂಡಳಿಯಲ್ಲಿ ಒಬ್ಬ ಪ್ರಧಾನ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಗರಿಷ್ಠ ಶಿಕ್ಷೆ 3 ವರ್ಷ ಮೀರದ ಸಾಮಾನ್ಯ ಕಳವು ಈ ಕಾಯ್ದೆಯ ಲೆಕ್ಕದಲ್ಲಿ ಸಣ್ಣ ಅಪರಾಧ. ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಇನ್ನೆರಡು ತಿಂಗಳು ಸೇರಿಸಿ ಮುಗಿಯಬೇಕು. ಸಣ್ಣ ಅಪರಾಧವಾದರೆ ಅಷ್ಟರಲ್ಲಿ ಮುಗಿಯದಿದ್ದಾಗ ಪ್ರಕರಣವೇ ಕೊನೆಗೊಳ್ಳುತ್ತದೆ. ತಪ್ಪು ಸಾಬೀತಾದರೂ ತಂದೆ ತಾಯಿ ಮತ್ತು ಮಗುವಿಗೆ ಆಪ್ತಸಮಾಲೋಚನೆ ಮಾಡಿಸಿ ಬುದ್ಧಿ ಹೇಳಿ ಕಳಿಸುವುದರಿಂದ ಹಿಡಿದು, ಸಮುದಾಯ ಸೇವೆ, ಸನ್ನಡತೆಯ ಮೇಲೆ ಪೋಷಕರ ವಶಕ್ಕೆ ಒಪ್ಪಿಸುವುದು, ಕೊನೆಯ ದಾರಿಯಾಗಿ 3 ವರ್ಷ ಮೀರದಂತೆ ವಿಶೇಷ ಗೃಹಕ್ಕೆ, ಅಂದರೆ ಇಂತಹ ಮಕ್ಕಳನ್ನು ಇರಿಸಿಕೊಂಡು ತಿದ್ದುವ ನಿಲಯಕ್ಕೆ, ಕಳಿಸುವುದು, ಹೀಗೆ ಹಲವು ಆಯ್ಕೆಗಳು ಮಂಡಳಿಗಿವೆ. ಮುಂದೆ ಕೆಲಸ ಸಿಗುವುದಿಲ್ಲವೆಂಬ ಅಕ್ಕನ ಹೆದರಿಕೆಗೂ ಉತ್ತರವಿದೆ: 24ನೇ ಕಲಂ ಪ್ರಕಾರ ಇಂತಹ ಆದೇಶದಿಂದ ಮಗುವಿಗೆ ಯಾವ ಅನರ್ಹತೆಯೂ ಅಂಟುವುದಿಲ್ಲ, ಮೇಲ್ಮನವಿಯ ಅಥವಾ ನಿಯಮಗಳು ಗೊತ್ತುಪಡಿಸಿದ ಅವಧಿ ಮುಗಿದ ಮೇಲೆ ದಾಖಲೆಗಳನ್ನು ನಾಶಪಡಿಸಬೇಕು.

ಪರಿವೀಕ್ಷಣಾಧಿಕಾರಿ, ಅಂದರೆ ಪ್ರೊಬೇಷನ್ ಅಧಿಕಾರಿ, ಮನೆಗೆ ಬಂದು ಸಾಮಾಜಿಕ ತನಿಖಾ ವರದಿ ಬರೆದುಕೊಳ್ಳುತ್ತಾರೆ. ಮನೆಯವರ ಸಂಬಂಧ, ಹುಡುಗನ ಓದು, ಗೆಳೆಯರು, ಚಟ, ಅವನು ಅನುಭವಿಸಿದ ಹಿಂಸೆ ಎಲ್ಲವೂ ಅದರಲ್ಲಿ ಬರುತ್ತವೆ. ಇಲ್ಲಿ ಬಹಳ ಕುಟುಂಬಗಳು ಮರ್ಯಾದೆಗೆ ಅಂಜಿ ‘ಮನೆಯಲ್ಲಿ ಎಲ್ಲ ಚೆನ್ನಾಗಿದೆ, ಸಹವಾಸದಿಂದ ಹೀಗಾಯಿತು’ ಎಂದುಬಿಡುತ್ತವೆ. ಹಾಗೆ ಹೇಳಿದರೆ ದೋಷವೆಲ್ಲ ಹುಡುಗನ ತಲೆಗೆ ಬರುತ್ತದೆ, ಸಿಗಬಹುದಾದ ನೆರವು ತಪ್ಪಿಹೋಗುತ್ತದೆ. ಭಾವನ ಕುಡಿತವನ್ನೂ ಏಟನ್ನೂ ಅಕ್ಕ ಮುಚ್ಚಿಡಬಾರದು. ಇದನ್ನು ಅವಳಿಗೆ ಹೇಳುವ ಧೈರ್ಯ ನೀವು ಮಾಡಬೇಕು.

ಹಾಸ್ಟೆಲ್ ವಿಚಾರದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟ: ಈಗ ಬೇಡ. ಮನೆಯಿಂದ ದೂರ ಕಳಿಸುವುದನ್ನು ಹುಡುಗ ಹೊರದಬ್ಬಿದಂತೆಯೇ ಅರ್ಥ ಮಾಡಿಕೊಳ್ಳುತ್ತಾನೆ, ಅದೂ ಅವನಿಗೆ ತಾಯಿಯೊಂದೇ ಆಸರೆ ಎಂಬ ಹೊತ್ತಿನಲ್ಲಿ. ಜೊತೆಗೆ ‘ಸರಿಮಾಡಲು’ ಬಿಟ್ಟುಹೋದ ಹುಡುಗರೇ ತುಂಬಿರುವ ಕಡೆ ಅವರು ಒಬ್ಬರಿಂದೊಬ್ಬರು ಕಲಿಯುವುದು ನಾವು ಬಯಸಿದ ಪಾಠವನ್ನಲ್ಲ. ಅಂತಹ ಹುಡುಗರನ್ನು ಒಟ್ಟುಗೂಡಿಸಿ ನಡೆಸಿದ ಒಳ್ಳೆಯ ಉದ್ದೇಶದ ಶಿಬಿರಗಳು ಕೂಡ ಕೆಲವೊಮ್ಮೆ ಕೆಡುಕನ್ನೇ ಹೆಚ್ಚಿಸಿವೆ. ಶಾಲೆ ಬದಲಾಗದಷ್ಟು ಹತ್ತಿರದಲ್ಲಿ ನಿಮ್ಮ ಮನೆಯಿರುವುದರಿಂದ, ಸಂಜೆಗಳನ್ನು ಅವನು ನಿಮ್ಮಲ್ಲಿ ಕಳೆದು, ಅಮ್ಮ ಬಂದ ಮೇಲೆ ಮನೆಗೆ ಹೋಗಿ ಮಲಗುವ ಏರ್ಪಾಡು ಮಾಡಿ. ಭಾವನವರು ಊರಿನಲ್ಲಿದ್ದು ಕುಡಿದಿರುವ ರಾತ್ರಿಗಳಲ್ಲಿ ಇಬ್ಬರು ಮಕ್ಕಳೂ ನಿಮ್ಮಲ್ಲೇ ಇರಲಿ. ಮನೆಗೆ ಎರಡೇ ಎರಡು ನಿಯಮ ಸಾಕು: ಇಂತಿಷ್ಟು ಹೊತ್ತಿಗೆ ಮನೆ ಸೇರುವುದು, ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೋಗುವುದು. ಮೀರಿದರೆ ಮರುದಿನವೇ, ಸಣ್ಣದಾದರೂ ತಪ್ಪದೆ ಆಗುವ ಪರಿಣಾಮ, ಉದಾಹರಣೆಗೆ ಒಂದು ದಿನ ಮೊಬೈಲ್ ಇಲ್ಲ. ಪಾಲಿಸಿದರೆ ಅದನ್ನು ಗಮನಿಸಿ ಹೇಳುವ ಒಂದು ಮಾತು. ಅವನು ಕಿರುಚಿದಾಗ ಅಕ್ಕ ಎದುರು ಕಿರುಚಬಾರದು, ಹೇಳಿದ್ದನ್ನು ಹಿಂತೆಗೆದುಕೊಳ್ಳಲೂಬಾರದು. ಮೊದಲ ಕೆಲವು ವಾರ ಅವನ ಆರ್ಭಟ ಹೆಚ್ಚಾಗುತ್ತದೆ, ಏಕೆಂದರೆ ಇಷ್ಟು ದಿನ ಕೆಲಸ ಮಾಡಿದ್ದ ಉಪಾಯವನ್ನು ಅವನು ಇನ್ನಷ್ಟು ಜೋರಾಗಿ ಬಳಸಿ ನೋಡುತ್ತಾನೆ. ಅಷ್ಟರಲ್ಲಿ ಸೋಲೊಪ್ಪಿದರೆ ಮೊದಲಿಗಿಂತ ಕಷ್ಟವಾದೀತು. ಕೇಬಲ್ ಕಳೆದುಕೊಂಡ ರೈತರಿಗೆ ಆದ ನಷ್ಟದಲ್ಲಿ ಒಂದು ಪಾಲನ್ನಾದರೂ ಕುಟುಂಬ ತುಂಬಿಕೊಡುವುದು, ವಕೀಲರನ್ನು ಕೇಳಿಕೊಂಡು, ನ್ಯಾಯವೆಂದು ನನಗನಿಸುತ್ತದೆ. ಬೆಳೆ ಒಣಗುವ ಹೊತ್ತಿನಲ್ಲಿ ಪಂಪ್ ನಿಂತರೆ ಏನಾಗುತ್ತದೆಂಬುದು ಹುಡುಗನಿಗೂ ಗೊತ್ತಾಗಲಿ.

ಭಾವನವರಿಗೆ ಬುದ್ಧಿ ಹೇಳುವುದು ಅಕ್ಕನ ತಮ್ಮನಾದ ನಿಮಗೆ ಸಲೀಸಲ್ಲ, ಹೇಳಿದರೂ ಅವರು ಕೇಳಲಿಕ್ಕಿಲ್ಲ. ಅವರ ಅಣ್ಣಂದಿರೋ, ಅವರು ಗೌರವಿಸುವ ಲಾರಿ ಮಾಲೀಕರೋ ಮಾತಾಡುವುದು ಮೇಲು. ಕುಡಿತವನ್ನು ಚಟವೆಂದು ಬೈಯುವುದಕ್ಕಿಂತ ಚಿಕಿತ್ಸೆಯಿರುವ ಕಾಯಿಲೆಯೆಂದು ತಿಳಿಸಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಔಷಧಿಯನ್ನೂ ಸಮಾಲೋಚನೆಯನ್ನೂ ಕೊಡುತ್ತಾರೆ, 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ದಿನವೂ ಹೆಚ್ಚು ಕುಡಿಯುವವರಾದರೆ ವೈದ್ಯರ ಸಲಹೆಯಿಲ್ಲದೆ ಏಕಾಏಕಿ ನಿಲ್ಲಿಸುವುದು ಅಪಾಯ. ಅಕ್ಕನ ಮೇಲೂ ಕೈ ಎತ್ತುತ್ತಿದ್ದಾರೆ ಎಂಬುದು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ; ಅದಕ್ಕೆ 181 ಮಹಿಳಾ ಸಹಾಯವಾಣಿ ಇದೆ, ಮಕ್ಕಳಿಗೆ 1098 ಇದೆ.

ಕೊನೆಯದಾಗಿ ಆ 11 ವರ್ಷದ ಹುಡುಗಿ. ಅಣ್ಣ ಹೋದ ದಾರಿಯಲ್ಲೇ ಅವಳು ಹೋಗುತ್ತಾಳೆಂಬ ಭಯಕ್ಕೆ ಕಾರಣವಿಲ್ಲ. ಇಂತಹ ಮನೆಗಳಲ್ಲಿ ಹೆಣ್ಣುಮಕ್ಕಳ ನೋವು ಬೇರೆ ರೂಪದಲ್ಲಿ ಕಾಣಿಸುವುದೇ ಹೆಚ್ಚು: ಸದ್ದಿಲ್ಲದಿರುವುದು, ಹೊಟ್ಟೆನೋವು ತಲೆನೋವೆಂದು ಶಾಲೆ ತಪ್ಪಿಸುವುದು, ಇದ್ದಕ್ಕಿದ್ದಂತೆ ಅಳುವುದು. ಅಮ್ಮನಿಲ್ಲದ ಹೊತ್ತಿನಲ್ಲಿ ಅಡುಗೆ, ಪಾತ್ರೆ, ನೀರು ಎಲ್ಲವೂ ಅವಳ ಮೇಲೆ ಬಿದ್ದಿದೆಯೇ ಎಂದು ವಿಚಾರಿಸಿ, ಬಿದ್ದಿದ್ದರೆ ಅರ್ಧವನ್ನು ಅಣ್ಣನಿಗೆ ಹಂಚಿ. ಅಪ್ಪ ಹೊಡೆಯುವಾಗ ಅವಳು ಎಲ್ಲಿರುತ್ತಾಳೆ ಎಂದು ಕೇಳಿ. ಅಣ್ಣನನ್ನು ಪರೀಕ್ಷೆಗೆ ಕರೆದೊಯ್ಯುವ ದಿನವೇ ಅವಳನ್ನೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮನೋವೈದ್ಯರ ಬಳಿ ಅವಳೊಬ್ಬಳೇ ಸ್ವಲ್ಪ ಹೊತ್ತು ಮಾತಾಡುವಂತೆ ನೋಡಿಕೊಳ್ಳಿ.